ಊರಂಚಿನ ಮನೆ, ಮಕ್ಕಳು, ಹಾವಿನ ಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ ಮನೆ ನೋಡಲು ಹೋದವರು ಮೊದಲು ಖಾತೆ ಕೇಳುತ್ತಾರೆ, ಆಮೇಲೆ ನೀರು, ಆಮೇಲೆ ಶಾಲೆ. ಎಲ್ಲ ಮುಗಿದು ಕಾರು ಹತ್ತುವ ಹೊತ್ತಿಗೆ ಮಗು ಪಕ್ಕದ ಖಾಲಿ ಸೈಟಿನ ಪೊದೆಯ ಕಡೆ ಓಡುತ್ತದೆ. ಆಗ ಮನೆಯ ಹಿರಿಯರೊಬ್ಬರು ಬ್ರೋಕರನ್ನು ಕೇಳುತ್ತಾರೆ: "ಇಲ್ಲಿ ಹಾವು ಗೀವು ಬರ್ತಾವೇನ್ರಿ?" "ಛೇ ಛೇ, ಒಂದೂ ಇಲ್ಲ" ಎನ್ನುತ್ತಾನೆ ಅವನು. ಈ ಉತ್ತರವನ್ನು ಕೇಳಿದವರೂ ನಂಬುವುದಿಲ್ಲ, ಹೇಳಿದವನೂ ನಂಬಿರುವುದಿಲ್ಲ. ಕೆಂಗೇರಿಯಾಚೆ, ಸರ್ಜಾಪುರದಾಚೆ, ಯಲಹಂಕ ದಾಟಿ ದೇವನಹಳ್ಳಿಯವರೆಗೆ ಇಂದು ಬಡಾವಣೆಗಳಾಗಿರುವ ಜಾಗ ಮೊನ್ನೆ ಮೊನ್ನೆಯವರೆಗೆ ರಾಗಿ ಹೊಲ, ಅದಕ್ಕೂ ಮೊದಲು ಗೋಮಾಳ ಅಥವಾ ಕೆರೆಯಂಗಳ. ಹಾವು ಅಲ್ಲಿನ ಹಳೇ ಒಕ್ಕಲು. ಅದು ಇದೆಯೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಬಹುದೇ? ಹೋಗಬಹುದು ಎಂಬುದೇ ನನ್ನ ಅಭಿಪ್ರಾಯ. ಭಯ ಬೇಡವೆಂದು ಹೇಳುತ್ತಿಲ್ಲ. ನಾವು ಭಯಪಡುತ್ತಿರುವ ಜಾಗ ಒಂದು, ಅಪಾಯ ಕೂತಿರುವ ಜಾಗ ಇನ್ನೊಂದು ಎಂಬುದಷ್ಟೇ ನನ್ನ ತಕರಾರು.

ಮೊದಲು ಯಾವ ಹಾವು ಎಂಬ ಮಾತು. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿದ್ದರೂ ಜನರ ಜೀವ ತೆಗೆಯುವುದರಲ್ಲಿ ಸಿಂಹಪಾಲು ನಾಲ್ಕರದು: ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಬೆಂಗಳೂರಿನ ಸುತ್ತ ನಾಲ್ಕೂ ಇವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಬಡಾವಣೆಯ ಜನ ಹೆಚ್ಚಾಗಿ ಎದುರಾಗುವ ವಿಷದ ಹಾವು ನಾಗರ; ಇಲಿ ಇದ್ದಲ್ಲಿ ಅದು ಇರುತ್ತದೆ. ಕೊಳಕು ಮಂಡಲಕ್ಕೆ ಒಣಗಿದ ಹುಲ್ಲು, ತರಗೆಲೆ, ಕಸದ ಗುಡ್ಡೆ ಇಷ್ಟ. ಕಂದು ಮೈಯ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆ. ಕೆಣಕಿದರೆ ಕುಕ್ಕರಿನ ಸೀಟಿಯಂತೆ ಬುಸುಗುಟ್ಟುತ್ತದೆ. ದಪ್ಪ ಮೈಯ ಈ ಹಾವನ್ನು ಹೆಬ್ಬಾವಿನ ಮರಿಯೆಂದು ತಿಳಿದು ಕೈಯಲ್ಲಿ ಎತ್ತಿಕೊಂಡವರಿದ್ದಾರೆ. ಮಕ್ಕಳಿಗೆ ಕಲಿಸಲು ಒಂದೇ ಹಾವಿನ ಗುರುತು ಆರಿಸಬೇಕೆಂದರೆ ನಾನು ಹೆಡೆ ಎತ್ತುವ ನಾಗರನನ್ನು ಬಿಟ್ಟು ಇದನ್ನೇ ಆರಿಸುತ್ತೇನೆ. ನಾಗರ ತಾನೇ ಎಚ್ಚರಿಸುತ್ತದೆ. ಮಂಡಲ ತರಗೆಲೆಯಲ್ಲಿ ತರಗೆಲೆಯಾಗಿ ಬಿದ್ದಿರುತ್ತದೆ, ಕಾಲು ಹತ್ತಿರ ಬರುವವರೆಗೆ ಕದಲುವುದಿಲ್ಲ. ಗರಗಸ ಮಂಡಲ ಚಿಕ್ಕದು, ಕಲ್ಲು ಬಂಡೆಯ ಒಣಭೂಮಿಯದು. ಕಟ್ಟುಹಾವಿನ ಮಾತು ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಫೋಟೊಗಳಲ್ಲಿ ಬಹುಪಾಲು ಇವಾವುವೂ ಅಲ್ಲ. ಆರು ಅಡಿಯ 'ಕಾಳಿಂಗ ಸರ್ಪ' ಎಂದು ಗಲಾಟೆ ಎಬ್ಬಿಸುವುದು ಕೇರೆಹಾವು. ಕಾಳಿಂಗ ಇರುವುದು ಆಗುಂಬೆಯಂಥ ಘಟ್ಟದ ಕಾಡಿನಲ್ಲಿ, ಬೆಂಗಳೂರಿನ ಬಯಲಿನಲ್ಲಿ ಅಲ್ಲ. ಕೆರೆ ಮತ್ತು ರಾಜಕಾಲುವೆಯ ಪಕ್ಕ ಸಿಗುವುದು ನೀರುಹಾವು. ಮುಂಗೋಪಿ, ಕಚ್ಚಲೂ ಕಚ್ಚುತ್ತದೆ, ವಿಷವಿಲ್ಲ. ಬಚ್ಚಲ ಜಾಲರಿಯಿಂದ ಎರೆಹುಳುವಿನಂತೆ ಬರುವುದು ಹುಳುಹಾವು. ಎರಡನೇ ಮಹಡಿಯ ಅಡುಗೆಮನೆಯ ಗೋಡೆಯಲ್ಲಿ ಕಾಣುವ ಪಟ್ಟೆಪಟ್ಟೆ ಹಾವು ಸಾಮಾನ್ಯವಾಗಿ ತೋಳಹಾವು, ಹಲ್ಲಿ ತಿನ್ನಲು ಗೋಡೆ ಹತ್ತಿ ಬಂದದ್ದು. ಕಟ್ಟುಹಾವೆಂದು ತಿಳಿದು ಸಾಯಿಸುವುದು ಹೆಚ್ಚಾಗಿ ಇದನ್ನೇ. ತೋಳಹಾವಿನ ಪಟ್ಟೆ ಕುತ್ತಿಗೆಯ ಬಳಿ ಎದ್ದು ಕಂಡು ಬಾಲದ ಕಡೆಗೆ ಮಾಸುತ್ತದೆ, ಕಟ್ಟುಹಾವಿನದು ತದ್ವಿರುದ್ಧ. ರಾತ್ರಿ ಹನ್ನೊಂದಕ್ಕೆ, ಕೈಯಲ್ಲಿ ಪೊರಕೆ ಹಿಡಿದು, ಈ ವ್ಯತ್ಯಾಸ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ, ನಿಜ. ಅದಕ್ಕೇ ಎಲ್ಲ ಹಾವಿನಿಂದಲೂ ದೂರ ನಿಲ್ಲುವ ಒಂದೇ ನಿಯಮ ಮಕ್ಕಳಿಗೆ ಸಾಕು.

ಈಗ ಸಾವಿನ ಲೆಕ್ಕ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಮಿಲಿಯನ್ ಡೆತ್ ಸ್ಟಡಿಯ ವಿಶ್ಲೇಷಣೆ ಹೇಳಿತು. ಸರ್ಕಾರಿ ಆಸ್ಪತ್ರೆಗಳ ದಾಖಲೆಯನ್ನು ನೆಚ್ಚಿಕೊಂಡ ಕೇಂದ್ರದ ಅಂಕಿ 2016–2020ರ ಅವಧಿಗೆ ವರ್ಷಕ್ಕೆ ಸುಮಾರು 2,000 ಸಾವು ಎನ್ನುತ್ತದೆ. ಒಂದು ಅಂಕಿ ಇನ್ನೊಂದರ ಹತ್ತಿರ ಹತ್ತಿರ ಮೂವತ್ತು ಪಟ್ಟು! ಇಷ್ಟು ಅಂತರ ಹೇಗೆ ಬಂತೆಂದರೆ, ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಬಾಗಿಲನ್ನೇ ಕಾಣಲಿಲ್ಲ. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ಅಧ್ಯಯನಕ್ಕೆ ಸಿಕ್ಕ ಹೆಣಗಳು ದಾಖಲೆ ಪುಸ್ತಕಕ್ಕೆ ಸಿಗಲಿಲ್ಲ.

ಸತ್ತವರಲ್ಲಿ ಕಾಲು ಭಾಗಕ್ಕೂ ಹೆಚ್ಚು 15 ವರ್ಷದೊಳಗಿನ ಮಕ್ಕಳು ಎಂಬುದು ಇದೇ ಅಧ್ಯಯನದ ಮಾತು. ಪೇಟೆಯ ಅಪ್ಪ ಅಮ್ಮಂದಿರನ್ನು ಬೆಚ್ಚಿಬೀಳಿಸುವುದು ಈ ಸಾಲು. ಆದರೆ ಅದರ ಪಕ್ಕದ ಸಾಲುಗಳನ್ನೂ ಓದಬೇಕು. ಹಿಂದಿನ ಸುತ್ತಿನ ವಿಶ್ಲೇಷಣೆಯಲ್ಲಿ, ಅಂದರೆ 2011ರಲ್ಲಿ ಬಂದದ್ದರಲ್ಲಿ, ಶೇ. 97ರಷ್ಟು ಸಾವು ಗ್ರಾಮೀಣ ಪ್ರದೇಶದ್ದು. ಶೇ. 70ರಷ್ಟು ಸಾವಿನ ಹೊರೆ ಹೊತ್ತ ಎಂಟು ರಾಜ್ಯಗಳ ಪಟ್ಟಿಯಲ್ಲಿ ಬಿಹಾರ, ಉತ್ತರ ಪ್ರದೇಶ, ಒಡಿಶಾ, ಆಂಧ್ರ ಮುಂತಾದವಿವೆ, ಕರ್ನಾಟಕವಿಲ್ಲ. ಮಳೆಗಾಲದಲ್ಲಿ, ಹಳ್ಳಿಯಲ್ಲಿ, ಮನೆಯಲ್ಲೋ ಹೊಲದಲ್ಲೋ, ಆಸ್ಪತ್ರೆಯಿಂದ ದೂರ: ಸಾವಿನ ಚಹರೆ ಇದು. ಹೊರವಲಯದ ಸಿಮೆಂಟಿನ ಮನೆಯಲ್ಲಿ ಮಂಚದ ಮೇಲೆ ಮಲಗುವ, ಶೂ ಹಾಕಿ ಶಾಲಾ ಬಸ್ಸು ಹತ್ತುವ ಮಗು ಈ ಚಹರೆಗೆ ಹೊಂದುವುದಿಲ್ಲ. ಆ ಮಗುವಿಗೆ ನಿಜವಾದ ಗಂಡಾಂತರ ಕಾಲುದಾರಿಯಿಲ್ಲದ ಮುಖ್ಯರಸ್ತೆ, ನೀರಿನ ಟ್ಯಾಂಕರು, ಮುಚ್ಚಳವಿಲ್ಲದ ಸಂಪು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಆದರೂ ಟ್ಯಾಂಕರ್ ಬರುತ್ತದೆಯೇ ಎಂದು ಕೇಳುವವರು ನೀರಿಗಾಗಿ ಕೇಳುತ್ತಾರೆಯೇ ಹೊರತು ಅದರ ವೇಗಕ್ಕಾಗಿ ಅಲ್ಲ.

ಇದನ್ನು ಇನ್ನೊಂದು ತುದಿಯಿಂದ ನೋಡಲು ಆಸ್ಟ್ರೇಲಿಯಾ ಒಳ್ಳೆಯ ಕನ್ನಡಿ. ಮೆಲ್ಬರ್ನ್, ಸಿಡ್ನಿಗಳ ಹೊರ ಬಡಾವಣೆಗಳಲ್ಲಿ ಮನೆ ಮಾಡಿರುವ ಕನ್ನಡ ಕುಟುಂಬಗಳು ಊರಿನ ನೆಂಟರಿಂದ ಪದೇ ಪದೇ ಕೇಳುವುದೂ ಇದೇ ಹಾವಿನ ಪ್ರಶ್ನೆ. ವಿಷದ ತೀಕ್ಷ್ಣತೆಯಲ್ಲಿ ನಮ್ಮ ನಾಗರವನ್ನು ಹಿಂದಿಕ್ಕುವ ಈಸ್ಟರ್ನ್ ಬ್ರೌನ್, ಟೈಪಾನ್ ಆ ದೇಶದವು. ಅಲ್ಲಿ ವರ್ಷಕ್ಕೆ ಸುಮಾರು 3,000 ಕಡಿತ. ಸಾವು ಸರಾಸರಿ ಎರಡು. ವಿಷ ಕಡಿಮೆಯಾದದ್ದಲ್ಲ. ಬೂಟು, ಬಾಗಿಲು ಮುಚ್ಚುವ ಮನೆ, ಆಂಬುಲೆನ್ಸ್, ಆಸ್ಪತ್ರೆಯಲ್ಲಿ ಮದ್ದು, ಇಷ್ಟು ಸೇರಿ ಆ ಎರಡು ಎಂಬ ಸಂಖ್ಯೆ ಆಗಿದೆ. ಹಾವಿನಿಂದ ಸಾಯುವುದು ಹಾವಿಗಿಂತ ಹೆಚ್ಚಾಗಿ ದೂರಕ್ಕೆ, ಕತ್ತಲೆಗೆ, ಬಡತನಕ್ಕೆ ಸಂಬಂಧಿಸಿದ್ದು.

ಹಾಗೆಂದು ಮಕ್ಕಳ ವಿಷಯದಲ್ಲಿ ಉದಾಸೀನ ಸಲ್ಲದು. ಹಾವು ಕಚ್ಚುವಾಗ ಎದುರಿರುವವರ ತೂಕ ನೋಡುವುದಿಲ್ಲ. ಎಪ್ಪತ್ತು ಕೆಜಿಯ ತಂದೆಗೆ ಇಳಿಯುವಷ್ಟೇ ವಿಷ ಹದಿನೈದು ಕೆಜಿಯ ಮಗುವಿಗೂ ಇಳಿಯಬಹುದು. ಹಾಗಾಗಿ ಮಗುವಿನಲ್ಲಿ ಲಕ್ಷಣ ಬೇಗ, ಬಿರುಸಾಗಿ ಕಾಣಿಸುತ್ತದೆ. ಇದೇ ಕಾರಣಕ್ಕೆ ವಿಷಮದ್ದಿನ ಪ್ರಮಾಣವನ್ನು ಮಕ್ಕಳಿಗೆ ಕಡಿಮೆ ಮಾಡುವುದಿಲ್ಲ. ಬೇರೆ ಔಷಧಗಳಂತೆ ಅರ್ಧ ಡೋಸು ಎಂಬುದು ಇಲ್ಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಚಿಕ್ಕ ಮಗು 'ಹಾವು ಕಚ್ಚಿತು' ಎಂದು ಹೇಳುವುದಿಲ್ಲ. 'ಏನೋ ಚುಚ್ಚಿತು', 'ಮುಳ್ಳು' ಎನ್ನುತ್ತದೆ. ಹೋಗಬೇಡ ಎಂದ ಜಾಗಕ್ಕೆ ಹೋಗಿದ್ದರೆ ಅದನ್ನೂ ಹೇಳುವುದಿಲ್ಲ. ಬೈಗುಳದ ಭಯ ಹಾವಿನ ಭಯಕ್ಕಿಂತ ದೊಡ್ಡದು. ಪೊದೆಗೆ ಹೋದರೆ ಕಾಲು ಮುರಿಯುತ್ತೇನೆ ಎಂದು ಗದರುವ ಮನೆಯಲ್ಲಿ ಮಗು ಹೇಳುವ ಹೊತ್ತಿಗೆ ಎರಡು ಗಂಟೆ ಕಳೆದಿರಬಹುದು. ಏನಾದರೂ ಕಚ್ಚಿದರೆ ತಕ್ಷಣ ಹೇಳು, ಯಾರೂ ಬೈಯುವುದಿಲ್ಲ ಎಂಬ ಮಾತನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮಧ್ಯದಲ್ಲೊಮ್ಮೆ ಮಕ್ಕಳಿಗೆ ಹೇಳಿಟ್ಟಿರಬೇಕು. ಕ್ರಿಕೆಟ್ ಚೆಂಡು ಪೊದೆಗೆ ಬಿದ್ದರೆ ದೊಡ್ಡವರೇ ಕೋಲು ಹಿಡಿದು ತೆಗೆದುಕೊಡುವುದು ಎಂಬ ಒಪ್ಪಂದವೂ ಬಡಾವಣೆಯ ಮಕ್ಕಳೊಂದಿಗೆ ಆಗಿರಬೇಕು. ಖಾಲಿ ಸೈಟಿನಲ್ಲಿ ಮಕ್ಕಳು ಕೈ ಹಾಕುವುದು ಬಹುತೇಕ ಚೆಂಡಿಗಾಗಿಯೇ.

ಶಾಲೆಯೂ ಇದರಿಂದ ಹೊರತಲ್ಲ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯ ನೆಲದಲ್ಲಿದ್ದ ಬಿಲದಿಂದ ಬಂದ ಹಾವು ಕಚ್ಚಿ ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಆಸ್ಪತ್ರೆಗೆ ಸಾಗಿಸಲು ತಡವಾದದ್ದು ದೊಡ್ಡ ವಿವಾದವಾಯಿತು. ಆ ಘಟನೆಯಲ್ಲಿ ನಾನು ಗಮನಿಸುವುದು ಬಿಲವನ್ನು ಮತ್ತು ಗಡಿಯಾರವನ್ನು. ಪ್ರವೇಶಾತಿಗೆ ಹೋದ ಪಾಲಕರು ಸ್ಮಾರ್ಟ್ ಬೋರ್ಡ್ ನೋಡಿ ಬರುತ್ತಾರೆ. ಶೌಚಾಲಯದ ಹಿಂದಿನ ಗೋಡೆ, ಆಟದ ಮೈದಾನದ ಅಂಚು ನೋಡುವವರು ಕಡಿಮೆ.

ಕಟ್ಟುಹಾವಿಗೆ ಬರೋಣ. ಇದು ರಾತ್ರಿಯ ಹಾವು. ಕರ್ರಗೆ ಹೊಳೆಯುವ ಮೈಗೆ ತೆಳುವಾದ ಬಿಳಿ ಪಟ್ಟೆ. ಹಗಲು ಕಂಡರೆ ಸಾಧು. ರಾತ್ರಿ ಆಹಾರ ಹುಡುಕುತ್ತ ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರ ಹಾಸಿಗೆಯಲ್ಲಿ ಸಿಕ್ಕಿಹಾಕಿಕೊಂಡು ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಊತವಿಲ್ಲ, ನೋವಿಲ್ಲ, ಸೊಳ್ಳೆ ಕಚ್ಚಿದಷ್ಟು ಗುರುತು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರು. ಹೊಟ್ಟೆನೋವೆಂದು ಓಮದ ಕಾಳು ಕೊಟ್ಟು ಮಲಗಿಸುವ ಮನೆಗಳಲ್ಲಿ ಈ ಹಾವು ಗೆಲ್ಲುತ್ತದೆ. ನೆಲದ ಮೇಲೆ ಮಲಗಿದ್ದ ಮಗು ಬೆಳಿಗ್ಗೆ ಹೊಟ್ಟೆನೋವೆಂದು ಅಳುತ್ತ, ಕಣ್ಣು ಬಿಡಲು ಕಷ್ಟಪಡುತ್ತಿದ್ದರೆ ಕಚ್ಚಿದ ಗುರುತು ಹುಡುಕುತ್ತ ಕೂರಬಾರದು, ಹೊರಡಬೇಕು. ಇದಕ್ಕೆ ತಡೆ ಮಾತ್ರ ಅಗ್ಗದ್ದು: ಮಂಚ ಮತ್ತು ಹಾಸಿಗೆಯಡಿಗೆ ಬಿಗಿಯಾಗಿ ಸಿಕ್ಕಿಸಿದ ಸೊಳ್ಳೆಪರದೆ. ಆಗ್ನೇಯ ನೇಪಾಳದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೊಳ್ಳೆಪರದೆಯೊಳಗೆ ಮಲಗುವವರಿಗೆ ಹಾವಿನಿಂದಲೂ ರಕ್ಷಣೆ ಸಿಗುವುದನ್ನು ಗುರುತಿಸಿತ್ತು.

ಮನೆ ಸುತ್ತ ಏನು ಮಾಡಬೇಕು ಎಂಬುದಕ್ಕೆ ಬರುವ ಸಲಹೆಗಳಲ್ಲಿ ಕಸವೇ ಹೆಚ್ಚು. ಬೆಳ್ಳುಳ್ಳಿ ನೀರು, ಗಂಧಕ, ಸೀಮೆಎಣ್ಣೆ, ಈಶ್ವರಿ ಬೇರು, ನುಸಿಗುಳಿಗೆ. ಇವು ಹಾವನ್ನು ತಡೆಯುತ್ತವೆಂಬುದಕ್ಕೆ ಆಧಾರವಿಲ್ಲ. ಕಾರ್ಬಾಲಿಕ್ ಆ್ಯಸಿಡ್ ಚರ್ಮ ಸುಡುತ್ತದೆ. ನುಸಿಗುಳಿಗೆಯನ್ನು ಮಿಠಾಯಿಯೆಂದು ಬಾಯಿಗೆ ಹಾಕಿಕೊಳ್ಳುವ ಮಗುವಿಗೆ, ಅದರಲ್ಲೂ ಜಿ6ಪಿಡಿ ಕಿಣ್ವದ ಕೊರತೆಯಿರುವ ಮಗುವಿಗೆ, ರಕ್ತಕಣಗಳೇ ಒಡೆಯುವ ಅಪಾಯವಿದೆ. ಹಾವಿಗೆ ಹೆದರಿ ಮನೆಯಲ್ಲಿ ವಿಷ ಹರಡುವುದು ವಿಚಿತ್ರ ಜಾಣತನ. ಕೆಲಸಕ್ಕೆ ಬರುವುದು ಬೇಸರದ ಕೆಲಸಗಳೇ: ಬಾಗಿಲ ಕೆಳಗಿನ ಸಂದಿಗೆ ಪಟ್ಟಿ, ಬಚ್ಚಲಿಗೆ ಜಾಲರಿ, ಸೈಜುಗಲ್ಲಿನ ಕಾಂಪೌಂಡಿನ ಸಂದಿಗೆ ಗಾರೆ, ಕಿಟಕಿಗೆ ತಾಗುವ ಕೊಂಬೆಗೆ ಕತ್ತರಿ, ಮನೆ ಕಟ್ಟಿ ಉಳಿದ ಇಟ್ಟಿಗೆ, ಟೈಲ್ಸು, ತೆಂಗಿನ ಮಟ್ಟೆಗಳ ರಾಶಿಗೆ ವಿದಾಯ. ಎಲ್ಲಕ್ಕಿಂತ ಮೇಲಾಗಿ ಇಲಿ. ಬೀದಿ ತುದಿಯಲ್ಲಿ ಕಸ ಸುರಿಯುವ ಜಾಗವಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಗರ ಬರುತ್ತದೆ. ನಾಯಿಗೆ ಹಾಕಿ ಉಳಿದ ಅನ್ನ, ಪಾರಿವಾಳಕ್ಕೆ ಚೆಲ್ಲಿದ ಕಾಳು ಕೂಡ ಇಲಿಗೆ ಔತಣವೇ. ಬಾಗಿಲಾಚೆ ಬಿಡುವ ಚಪ್ಪಲಿ, ಶೂಗಳ ಮಾತನ್ನು ಲಘುವಾಗಿ ತೆಗೆದುಕೊಳ್ಳುವವರು 2025ರಲ್ಲಿ ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ ಚಪ್ಪಲಿಯೊಳಗೆ ಸೇರಿದ್ದ ಹಾವು ಕಚ್ಚಿ ಒಬ್ಬರು ಪ್ರಾಣ ಕಳೆದುಕೊಂಡದ್ದನ್ನು ನೆನೆಯಬೇಕು. ಕೊಡವಿ ಹಾಕಿಕೊಳ್ಳುವುದಕ್ಕೆ ಎರಡು ಸೆಕೆಂಡು ಹಿಡಿಯುತ್ತದೆ.

ಬೇಸಿಗೆಯ ಕೊನೆಯಿಂದ ಮಳೆಗಾಲದ ನಡುವಿನವರೆಗೆ ಮರಿಗಳ ಕಾಲ. ನಾಗರ 10ರಿಂದ 30 ಮೊಟ್ಟೆ ಇಡುತ್ತದೆ. ಕೊಳಕು ಮಂಡಲ ನೇರವಾಗಿ ಮರಿ ಹಾಕುತ್ತದೆ, ಒಮ್ಮೆಗೆ 20, 30 ಎಂಬುದು ಸಾಮಾನ್ಯ. ಗ್ಯಾರೇಜಿನಲ್ಲಿ ಒಂದೇ ವಾರ ನಾಲ್ಕು ಮರಿ ಕಂಡವರು ಸೇಡಿನ ಕತೆ ಹೆಣೆಯುತ್ತಾರೆ. ಹಾವಿಗೆ ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುವಷ್ಟು ನೆನಪಿನ ಶಕ್ತಿ ಇಲ್ಲ.

ಹಾವು ಕಂಡರೆ ಹಿಡಿಯುವವರನ್ನು ಕರೆಸುವುದು ಈಗ ರೂಢಿ. ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಕರೆಸುವುದು ಒಳ್ಳೆಯದೇ, ಆದರೆ ಹಿಡಿದ ಹಾವನ್ನು ದೂರದ ಕಾಡಿಗೆ ಬಿಟ್ಟರೆ ಸಮಸ್ಯೆ ಮುಗಿಯಿತೆಂಬುದು ಭ್ರಮೆ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ ದೂರ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಬಹುದೂರ ಅಲೆದದ್ದು ಕಂಡುಬಂತು. ಇತ್ತ, ಇಲಿಯಿರುವವರೆಗೆ ಖಾಲಿಯಾದ ಬಿಲಕ್ಕೆ ಇನ್ನೊಂದು ಬರುತ್ತದೆ. ಕೇರೆಹಾವನ್ನು ಓಡಿಸುವುದಂತೂ ಇಲಿ ಹಿಡಿಯುವ ಸಂಬಳವಿಲ್ಲದ ನೌಕರನನ್ನು ಕೆಲಸದಿಂದ ತೆಗೆದ ಹಾಗೆ. ಕೇರಳದ ಅರಣ್ಯ ಇಲಾಖೆ 'ಸರ್ಪ' ಎಂಬ ಆ್ಯಪ್ ಮೂಲಕ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರನ್ನಷ್ಟೇ ಜನರಿಗೆ ಜೋಡಿಸುತ್ತದೆ. ನಮ್ಮಲ್ಲಿ ಹಾವು ಹಿಡಿದು ಮಕ್ಕಳ ಮುಂದೆ ಆಡಿಸಿ, ಮುತ್ತಿಟ್ಟು, ರೀಲ್ಸ್ ಮಾಡುವವರಿದ್ದಾರೆ. ಅಂಥವರನ್ನು ಎರಡನೇ ಸಲ ಕರೆಯಬಾರದು. ಹಾವನ್ನು ಆಟಿಕೆಯೆಂದು ಮಗು ಕಲಿಯುವುದು ಅಲ್ಲಿಯೇ.

ಕಚ್ಚಿದರೆ ಏನು ಮಾಡಬೇಕೆಂಬುದು ಚಿಕ್ಕ ಮಾತು, ಆದರೆ ಅದರಲ್ಲೇ ಎಲ್ಲ ಇದೆ. ಮಗುವನ್ನು ಸಮಾಧಾನ ಮಾಡಿ, ಎತ್ತಿಕೊಂಡು ಹೋಗಿ, ನಡೆಸಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ. ಬಳೆ, ಗೆಜ್ಜೆ, ಉಡಿದಾರ ತೆಗೆಯಿರಿ. ಊತ ಬಂದ ಮೇಲೆ ಅವು ಬರುವುದಿಲ್ಲ. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಗೀರುವುದು, ಹೀರುವುದು, ಐಸು ಇಡುವುದು ಬೇಡ. ಆಸ್ಟ್ರೇಲಿಯಾದ ವಿಡಿಯೊ ನೋಡಿ ಇಡೀ ಕಾಲಿಗೆ ಒತ್ತಡದ ಬ್ಯಾಂಡೇಜು ಸುತ್ತುವವರಿದ್ದಾರೆ. ಅಲ್ಲಿನ ಹಾವುಗಳಿಗೆ ಅದು ಸರಿ, ಮಾಂಸವನ್ನೇ ಕೊಳೆಸುವ ನಮ್ಮ ಮಂಡಲಗಳ ವಿಷವನ್ನು ಒಂದೇ ಕಡೆ ಕಟ್ಟಿ ನಿಲ್ಲಿಸಿದರೆ ಕೆಡುಕೇ ಹೆಚ್ಚು. ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯವೂ ಇಲ್ಲ. ವೈದ್ಯರು ಸ್ವಚ್ಛ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಿಡಿದು 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷವೆಂದು ಗೊತ್ತಾಗುತ್ತದೆ. ಮದ್ದಂತೂ ನಾಲ್ಕೂ ಹಾವಿಗೆ ಒಂದೇ. ಏನೂ ಲಕ್ಷಣ ಕಾಣದಿದ್ದರೂ 24 ಗಂಟೆ ಆಸ್ಪತ್ರೆಯಲ್ಲಿರಬೇಕು. ಕಚ್ಚಿದ ಪ್ರತಿ ಸಲವೂ ವಿಷ ಇಳಿದಿರುವುದಿಲ್ಲ ಎಂಬುದು ಸಮಾಧಾನದ ಸಂಗತಿ. ನಾಟಿವೈದ್ಯರ, ಮಂತ್ರಿಸುವವರ ಕೀರ್ತಿ ನಿಂತಿರುವುದೂ ಅದರ ಮೇಲೆಯೇ.

ಆದ್ದರಿಂದ ಬ್ರೋಕರನ್ನು ಬಿಟ್ಟು ಆಸ್ಪತ್ರೆಗಳನ್ನು ವಿಚಾರಿಸಿ. ಮನೆಯಿಂದ ಅತಿ ಹತ್ತಿರ ವಿಷಮದ್ದು ಇಟ್ಟಿರುವ ಆಸ್ಪತ್ರೆ ಯಾವುದು, ರಾತ್ರಿಯೂ ವೈದ್ಯರಿರುತ್ತಾರೆಯೇ, ವೆಂಟಿಲೇಟರ್ ಇದೆಯೇ, ಮಕ್ಕಳಿಗೆ ಹೊಂದುವ ಐಸಿಯು ಇದೆಯೇ. ಕೊಳಕು ಮಂಡಲದ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಇಳಿಯುತ್ತದೆ, ಒಂದು ಸೀಸೆ ಮದ್ದು ಸುಮಾರು 6 ಮಿಲಿಗ್ರಾಂ ವಿಷವನ್ನು ಅಡಗಿಸುತ್ತದೆ ಎಂಬ ಲೆಕ್ಕದ ಮೇಲೆ ಮೊದಲಿಗೇ 8ರಿಂದ 10 ಸೀಸೆ ಕೊಡುವುದು ನಮ್ಮ ಪದ್ಧತಿ. ಎರಡು ಸೀಸೆ ಇಟ್ಟುಕೊಂಡು 'ನಮ್ಮಲ್ಲಿ ಇದೆ' ಎನ್ನುವ ನರ್ಸಿಂಗ್ ಹೋಮನ್ನು ದಾಟಿ ಹೋಗುವುದೇ ಲೇಸು. ನಗರದಲ್ಲಿ ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಿವೆ, ಹೊರವಲಯದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಸಂಜೆ ಏಳರ ಟ್ರಾಫಿಕ್ಕಿನಲ್ಲಿ ಯಾವುದು ಹತ್ತಿರ ಎಂಬುದನ್ನು ಒಮ್ಮೆ ನಿಜಕ್ಕೂ ಹೋಗಿ ನೋಡಬೇಕು, ನಕ್ಷೆಯ ಕಿಲೋಮೀಟರನ್ನು ನಂಬಬಾರದು.

ಆ ಮದ್ದಿನ ಮೂಲ ತಮಿಳುನಾಡಿನಲ್ಲಿದೆ. ಮಾಮಲ್ಲಪುರದ ಬಳಿಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಹುಟ್ಟಿದ ಇರುಳ ಸಮುದಾಯದವರ ಸಹಕಾರ ಸಂಘ ಹಾವಿನ ವಿಷ ತೆಗೆದು ಮದ್ದಿನ ಕಂಪನಿಗಳಿಗೆ ಕೊಡುತ್ತಿದೆ. ಕುದುರೆಗೆ ಅದನ್ನು ಚುಚ್ಚಿ, ಅದರ ರಕ್ತದಿಂದ ಮದ್ದು ತಯಾರಿಸುತ್ತಾರೆ. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಒಂದು ಮೂಲೆಯ ವಿಷದಿಂದ ಮಾಡಿದ ಮದ್ದು ದೇಶಕ್ಕೆಲ್ಲ ಸಮನಾಗಿ ನಾಟುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ತೋರಿಸಿದೆ. ಮಲೆನಾಡಿಗೋ ಕರಾವಳಿಗೋ ಮನೆ ಬದಲಿಸುವವರು ಇನ್ನೂ ಒಂದು ಸಂಗತಿ ತಿಳಿದಿರಬೇಕು: ಅಲ್ಲಿನ ಗುಳಿಮಂಡಲಗಳಿಗೆಂದು ತಯಾರಾದ ಮದ್ದು ನಮ್ಮಲ್ಲಿ ಇನ್ನೂ ಇಲ್ಲ.

ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು; ಖಾಸಗಿ ಆಸ್ಪತ್ರೆಗಳೂ ಪ್ರತಿ ಪ್ರಕರಣವನ್ನು ವರದಿ ಮಾಡಬೇಕು. ಕೇಂದ್ರ ಅದೇ ವರ್ಷದ ಮಾರ್ಚಿನಲ್ಲಿ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಯೋಜನೆ ಪ್ರಕಟಿಸಿತು. ಲೆಕ್ಕ ಸರಿಯಾದರೆ ಹೊರವಲಯದ ಚಿತ್ರವೂ ಬದಲಾದೀತು, ಏಕೆಂದರೆ ಈಗ ಅಲ್ಲಿ ಲೆಕ್ಕಕ್ಕೆ ಸಿಗದವರು ಇದ್ದಾರೆ. ಹೊಸ ಬಡಾವಣೆಯ ಪಕ್ಕದಲ್ಲೇ ತಗಡಿನ ಶೆಡ್ಡುಗಳಿರುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ, ಬಿಹಾರ, ಒಡಿಶಾದಿಂದ ಗಾರೆ ಕೆಲಸಕ್ಕೆ ಬಂದವರು ಅಲ್ಲಿ ನೆಲದ ಮೇಲೆ ಮಲಗುತ್ತಾರೆ, ಕತ್ತಲಲ್ಲಿ ಬಯಲಿಗೆ ಹೋಗುತ್ತಾರೆ. ಅವರ ಮಕ್ಕಳು ಹಗಲೆಲ್ಲ ಇಟ್ಟಿಗೆ, ಮರಳು, ಸರ್ವೆ ಮರಗಳ ರಾಶಿಯ ನಡುವೆ ಬರಿಗಾಲಲ್ಲಿ ಆಡುತ್ತಾರೆ. ಕಾಂಪೌಂಡಿನ ಒಳಗಿನ ಮನೆ ಅಧ್ಯಯನಗಳು ಹೇಳುವ ಸಾವಿನ ಚಹರೆಗೆ ಹೊಂದುವುದಿಲ್ಲ ಎಂದೆನಲ್ಲ, ಹೊರಗಿನ ಶೆಡ್ಡು ಹೊಂದುತ್ತದೆ. ಬಡಾವಣೆಯ ಸಂಘಗಳು ಹಾವಿನ ಭಯಕ್ಕೆ ಗೋಡೆ ಎತ್ತರಿಸಲು, ದ್ರಾವಣ ಸಿಂಪಡಿಸಲು ಹಣ ಎತ್ತುತ್ತವೆ. ಅದೇ ಹಣದಲ್ಲಿ ಆ ಶೆಡ್ಡುಗಳಿಗೆ ಮಂಚ, ಪರದೆ, ಶೌಚಾಲಯದವರೆಗೆ ಒಂದು ದೀಪ ಹಾಕಿಸಬಹುದು, ಅಥವಾ ಬಿಲ್ಡರನಿಂದಲೇ ಹಾಕಿಸುವಂತೆ ಪಟ್ಟು ಹಿಡಿಯಬಹುದು. ರಾತ್ರಿ ಎರಡಕ್ಕೆ ಶೆಡ್ಡಿನ ಮಗುವಿಗೆ ಏನೋ ಕಚ್ಚಿತೆಂದು ಗೇಟಿಗೆ ಓಡಿಬಂದವರಿಗಾಗಿ ಕಾರು ತೆಗೆಯಲು ಒಪ್ಪಿರುವ ನಾಲ್ಕು ಮನೆಗಳ ನಂಬರು ಕಾವಲುಗಾರನ ಬಳಿ ಇರಬೇಕು, ಅದರ ಕೆಳಗೆ 108.